ಐದು ಆಕಳು, ಒಂದು ಹಗ್ಗ ಮತ್ತು ನಾನು

ಪಶು ಆಸ್ಪತ್ರೆಯ ಕಂಪೌಂಡರ್ ಆಗಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ನನಗೆ ಒಂದು ದೃಢವಾದ ನಂಬಿಕೆ ಇತ್ತು. ಈ ಸೀಮೆಯ ದನಗಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ! ಮನುಷ್ಯರು ನನ್ನನ್ನು ಮರೆತಿರಬಹುದು, ದನಗಳು ಮರೆತಿಲ್ಲ. ಇವತ್ತಿಗೂ ನನ್ನ ಸ್ಕೂಟರಿನ ಸದ್ದು ಕೇಳಿದರೆ ಗೂಟ ಕಿತ್ತುಕೊಂಡು ಓಡುವ ಆಕಳುಗಳಿವೆ. ಸೂಜಿ ಚುಚ್ಚಿದ ಕೈಯನ್ನು ಯಾರು ತಾನೇ ಮರೆಯುತ್ತಾರೆ!

ಇಂಥ ನನ್ನನ್ನು ಹುಡುಕಿಕೊಂಡು ದೀಪಾವಳಿ ಮುಗಿದ ವಾರದಲ್ಲಿ ವಿನುತಾ ಎಂಬ ಹುಡುಗಿ ಶಿರಸಿಯ ನಮ್ಮ ಮನೆಗೆ ಬಂದಳು. ಹಾವೇರಿ ಕಡೆಯವಳು, ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಪಶು ಆಸ್ಪತ್ರೆಯ ಈಗಿನ ಡಾಕ್ಟರೇ ನನ್ನ ಹೆಸರು ಹೇಳಿ ಕಳಿಸಿದರಂತೆ.

"ಮೂರೂ ತಾಲ್ಲೂಕು ಅರೆದು ಕುಡಿದವರು ಅಂದರೋ?" ಎಂದು ಎದೆಯುಬ್ಬಿಸಿ ಕೇಳಿದೆ.

"ಇಲ್ಲರಿ ಸರ್. ಅವರಿಗೆ ಈಗ ಏನೂ ಕೆಲಸಿಲ್ಲ ಅಂದ್ರು."

ಪ್ರಾಮಾಣಿಕ ಹುಡುಗಿ. ಆ ಪ್ರಾಮಾಣಿಕತೆ ಅಂದೇ ನನಗೆ ಎಚ್ಚರಿಕೆಯ ಗಂಟೆಯಾಗಬೇಕಿತ್ತು, ಆಗಲಿಲ್ಲ.

ವಿನುತಾ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು, ಹತ್ತಿಯ ಮೇಲಿದ್ದ ಒಂದು ಹಲ್ಲನ್ನು ತೋರಿಸಿದಳು. ಬಯಲುಸೀಮೆಯ ಒಂದು ಬೂದಿದಿಬ್ಬದಲ್ಲಿ ಸಿಕ್ಕಿದ ಆಕಳ ಹಲ್ಲು. ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ದೊಡ್ಡಿ ಕಟ್ಟಿ, ಸಗಣಿ ರಾಶಿ ಹಾಕಿ ಸುಟ್ಟು ಸುಟ್ಟು ಆದ ದಿಬ್ಬವಂತೆ ಅದು. ನಾನು ಕನ್ನಡಕ ಏರಿಸಿ, ಹಲ್ಲನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, "ದವಡೆ ಹಲ್ಲು. ಹುಳುಕಿಲ್ಲ. ದನ ಆರೋಗ್ಯವಾಗಿದೆ" ಎಂದು ಪ್ರಮಾಣಪತ್ರ ಕೊಟ್ಟೆ.

ಚಹಾ ತಂದ ನನ್ನ ಹೆಂಡತಿ ಸಾವಿತ್ರಿ ಬಗ್ಗಿ ನೋಡಿದಳು. "ಸಾವಿರಾರು ವರ್ಷ ಹಲ್ಲು ಉಳಿಸ್ಕಂಡಿದ್ದು ನೋಡಿ! ನಿಂಗಳದ್ದು ಅರವತ್ತಕ್ಕೇ ನಾಲ್ಕು ಹೋತು."

ವಿನುತಾ ನಕ್ಕು ಪಾಠ ಶುರು ಮಾಡಿದಳು. ಇಂಗಾಲದಲ್ಲಿ ತುಸು ಹಗುರದ್ದು, ತುಸು ಭಾರದ್ದು ಎಂದು ಎರಡು ಬಗೆ ಇವೆಯಂತೆ. ಐಸೋಟೋಪ್ ಎನ್ನುತ್ತಾರೆ. ಎರಡೂ ಎಷ್ಟು ಕಾಲವಾದರೂ ಕೆಡದೆ ಹಾಗೇ ಉಳಿಯುತ್ತವೆ. ಕಾಡಿನ ಸೊಪ್ಪು, ಭತ್ತದ ಹುಲ್ಲು ಇವೆರಡನ್ನು ಒಂದು ಪ್ರಮಾಣದಲ್ಲಿ ಹಿಡಿದುಕೊಂಡರೆ ಜೋಳ, ಮೆಕ್ಕೆಜೋಳ, ಕಬ್ಬು, ಬಯಲಿನ ಹುಲ್ಲು ಇನ್ನೊಂದು ಪ್ರಮಾಣದಲ್ಲಿ ಹಿಡಿಯುತ್ತವೆ. ದನ ಏನು ತಿಂದಿತೋ ಅದರ ಗುರುತು ಹಲ್ಲಿನಲ್ಲಿ, ಕೂದಲಿನಲ್ಲಿ ಪದರ ಪದರವಾಗಿ ಕೂರುತ್ತದೆ. ಯಂತ್ರಕ್ಕೆ ಹಾಕಿದರೆ ಓದಬಹುದು.

"ಈ ಹಲ್ಲಿನಾಗ ಲೆಕ್ಕ ಏರಿ ಇಳದು ಅಲಿ ಅಲಿಯಾಗಿ ಬಂದೈತ್ರಿ," ಎಂದಳು. "ಒಮ್ಮೆ ಕಾಡು, ಒಮ್ಮೆ ಬಯಲು, ಮತ್ತ ಕಾಡು. ಆ ಮಂದಿ ದನ ಹೊಡಕೊಂಡು ವರ್ಷಾ ವರ್ಷಾ ಈ ಮಲೆನಾಡಿನ ಕಡೆ ಬಂದು ಹೋಗತಿದ್ರು ಅಂತ ನಾ ಅಂತೀನಿ. ನಮ್ಮ ಗೈಡ್ ಸರ್ ನಂಬವಲ್ರು. ಈಗಿನ ಕಾಲದ ದನದಾಗ ಹೆಂಗ ಬರತೈತಿ ತೋರಸು, ಆಮ್ಯಾಲೆ ಹೇಳು ಅಂದಾರ. ತೋರಸದಿದ್ರ ಆ ಅಧ್ಯಾಯ ತೆಗಿಬೇಕು."

"ಒಂದು ಅಧ್ಯಾಯ ಹೋದರೆ ಏನಾಯಿತು?"

ಹುಡುಗಿಯ ಮುಖ ಸಣ್ಣದಾಯಿತು. "ನಮ್ಮಜ್ಜ ಕುರಿ ಕಾಯತಿದ್ರು ಸರ್. ಕುರಿ ಹೊಡಕೊಂಡು ಈ ಕಡೆ ಬರತಿದ್ರು. ಅವರು ನಡೆದ ದಾರಿ ಯಾವ ಪುಸ್ತಕದಾಗೂ ಇಲ್ಲ. ಈ ಹಲ್ಲಿನ ದನ ಕಾದವರದೂ ಇಲ್ಲ. ಆ ಅಧ್ಯಾಯಕ್ಕಂತನ ನಾ ಇಷ್ಟೆಲ್ಲಾ ಮಾಡೀನಿ."

ವಿನುತಾಗೆ ಬಯಲುಸೀಮೆಯ ದನಗಳ ಕೂದಲು ತರುವ ಕೆಲಸ ಬೇರೆ ಇತ್ತು. ಯಂತ್ರದ ಬಳಿ ಅವಳ ಪಾಳಿ ಬರುವ ತಾರೀಕೂ ಗೊತ್ತಾಗಿತ್ತು. "ನೀನು ಆ ಕಡೆ ಹೋಗು ತಂಗಿ. ಈ ಕಡೆಯದು ನನಗೆ ಬಿಡು. ಕಣ್ಣು ಮುಚ್ಚಿ ನಿದ್ದೆ ಮಾಡು!" ಎಂದು ಅಭಯ ಕೊಟ್ಟೆ.

ಕೆಲಸ ತುಂಬಾ ಸರಳ. ಬಾಲದ ಕುಚ್ಚಿನಿಂದ ಗೇಣುದ್ದದ ಕೂದಲನ್ನು ಬುಡಕ್ಕೇ ಕತ್ತರಿಸಬೇಕು. ಅದರಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಊಟದ ಲೆಕ್ಕ ಇರುತ್ತದೆ. ಬುಡದ ಕಡೆ ಕೆಂಪು ದಾರ ಕಟ್ಟಬೇಕು. ದನ ವರ್ಷವಿಡೀ ಏನು ತಿಂದಿತು, ಎಲ್ಲಿ ತಿಂದಿತು ಎಂದು ಫಾರಂನಲ್ಲಿ ಬರೆಯಬೇಕು.

"ಮಾಲಕರು ಹೇಳಿದ್ದು ಹಂಗ ಬರೀರಿ ಸರ್. ನೀವೇನೂ ಸೇರಸಬ್ಯಾಡ್ರಿ, ಏನೂ ತೆಗಿಬ್ಯಾಡ್ರಿ," ಎಂದು ವಿನುತಾ ಎರಡು ಸಲ ಹೇಳಿದಳು.

"ಎಲ್ಲ ಗೊತ್ತು" ಎಂದೆ.

"ಎಲ್ಲ ಗೊತ್ತಿದ್ದು ಹೇಳಡಿ. ಆ ಕೂಸು ಹೇಳಿದ್ದು ಮೊದ್ಲು ಪೂರ್ತಿ ಕೇಳಿ," ಎಂದಳು ಸಾವಿತ್ರಿ. ಮದುವೆಯಾದಂದಿನಿಂದ ಅವಳ ಇಂಥ ಹಿತವಚನಗಳನ್ನು ಕೇಳದಿರುವ ಅಭ್ಯಾಸ ನನಗಾಗಿದೆ.

ಮೊದಲ ದಿನ ಹುಲೇಕಲ್. ಅಲ್ಲಿಯ ಪಾರ್ವತಕ್ಕನ ತುಪ್ಪ ಹೆಸರಾದದ್ದು. ನಾನು ಹೋದಾಗ ಅವರು ಕೊಟ್ಟಿಗೆಯ ಬಾಗಿಲಲ್ಲಿ ಯಾವುದೋ ಮೂಟೆಯ ಮೇಲೆ ಟವೆಲು ಹಾಸಿಕೊಂಡು ಕೂತಿದ್ದರು. ಒಳಗೆ ಹೋಗಿ ದೊಡ್ಡ ಲೋಟದಲ್ಲಿ ಕಷಾಯ, ತಟ್ಟೆ ತುಂಬಾ ಅವಲಕ್ಕಿ ತಂದಿಟ್ಟರು. ತಿಂದು ಮುಗಿಸಿ ಫಾರಂ ತೆಗೆದು, ದನಕ್ಕೆ ಏನು ಕೊಡುತ್ತೀರಿ ಎಂದು ಕೇಳಿದೆ.

"ಸೊಪ್ಪು, ಭತ್ತದ ಹುಲ್ಲು, ಅಡಕೆ ಹಾಳೆ, ಬಾಳೆ ದಿಂಡು. ಮತ್ತೆಂತೂ ಇಲ್ಲೆ ಮಂಜಣ್ಣ! ಅಂಗಡಿ ಹಿಂಡಿಯನ್ನ ಎಂಗಳ ಗಂಗೆ ಮೂಸೂ ನೋಡ್ತಿಲ್ಲೆ."

ಹೀಗೆ ಹೇಳಿ ಪಾರ್ವತಕ್ಕ ಮತ್ತೆ ಆ ಮೂಟೆಯ ಮೇಲೆ ಕೂತರು. ಕೂತ ರಭಸಕ್ಕೆ ಟವೆಲು ಜಾರಿತು. ಪಶು ಆಹಾರದ ಚೀಲ! ಮೇಲೆ ಮೆಕ್ಕೆಜೋಳದ ತೆನೆಯ ಬಣ್ಣದ ಚಿತ್ರ. ನಾನು ಚೀಲ ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿ, ಮಾಡಿನ ಹೆಂಚು ಎಣಿಸತೊಡಗಿದೆ.

ಈಗ ನೀವೇ ಹೇಳಿ, ಹೊಟ್ಟೆ ತುಂಬಾ ಅವಲಕ್ಕಿ ತಿಂದವನು "ಅಕ್ಕ, ನೀವು ಸುಳ್ಳು ಹೇಳ್ತಾ ಇದ್ದೀರಿ" ಎನ್ನುವುದು ಹೇಗೆ? ನಮ್ಮ ಕಡೆ ದನಕ್ಕೆ ಏನು ಹಾಕುತ್ತೀರಿ ಎಂದು ಕೇಳುವುದೂ ಅತ್ತೆಗೆ ಏನು ಹಾಕುತ್ತೀರಿ ಎಂದು ಕೇಳುವುದೂ ಒಂದೇ. ಕೇಳಿದ್ದೇ ಹೆಚ್ಚು. ಉತ್ತರವನ್ನು ಅನುಮಾನಿಸಿದರೆ ಆ ಮನೆಯ ಋಣ ತೀರಿದಂತೆ! ದಾಕ್ಷಿಣ್ಯಕ್ಕೆ ಕಟ್ಟುಬಿದ್ದು "ಸೊಪ್ಪು, ಹುಲ್ಲು, ಹಾಳೆ, ದಿಂಡು" ಎಂದು ಮುದ್ದಾದ ಅಕ್ಷರದಲ್ಲಿ ಬರೆದುಕೊಂಡೆ. ಮುಂದಿನ ಮೂರು ಮನೆಗಳಲ್ಲೂ ಇದೇ ಕಥೆ. ತಿಂಡಿ ಮಾತ್ರ ಬೇರೆ ಬೇರೆ.

ಸೋಂದಾದಲ್ಲಿ ಬೇರೆಯದೇ ಸಮಸ್ಯೆ ಎದುರಾಯಿತು. ಅಲ್ಲಿಯ ಶಿವರಾಮ ಹೆಗಡೆಯವರು ಕತ್ತರಿ ಕಂಡದ್ದೇ ಕೊಟ್ಟಿಗೆಗೆ ಅಡ್ಡ ನಿಂತರು.

"ಆಕಳ ಬಾಲಕ್ಕೆ ಕತ್ರಿ ಹಾಕಲಾಗ ಮಾರಾಯ್ರ! ಹಿರಿಯರ ಕಾಲದಿಂದ ಹಾಕಿದ್ದಿಲ್ಲೆ. ಬೇಕಾದ್ರೆ ಎನ್ನ ತಲೆ ಕೂದ್ಲು ತಗಳಿ."

ಉದಾರ ಮನಸ್ಸು. ಆದರೆ ಅವರ ತಲೆಯಲ್ಲಿ ಕೂದಲಿರಲಿಲ್ಲ. ಅರ್ಧ ಗಂಟೆ ವಿಜ್ಞಾನ ಬೋಧಿಸಿದೆ, ಅವರು ಅರ್ಧ ಗಂಟೆ ಶಾಸ್ತ್ರ ಬೋಧಿಸಿದರು. ಕೊನೆಗೆ ಒಂದು ರಾಜಿ ಆಯಿತು. ಕೊಟ್ಟಿಗೆಯ ಕಂಬಕ್ಕೆ ದನಗಳು ಮೈ ತಿಕ್ಕಿ ತಿಕ್ಕಿ ಕೂದಲು ಅಂಟಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳಬಹುದು, ತಾನಾಗಿ ಉದುರಿದ್ದಕ್ಕೆ ದೋಷವಿಲ್ಲ! ಕಂಬ ಒಂದು, ದನ ನಾಲ್ಕು. ಯಾವ ಕೂದಲು ಯಾವ ದನದ್ದು? "ಗೌರಿದೇ ಇಕ್ಕು" ಎಂದರು ಹೆಗಡೆಯವರು. "ಗೌರಿ" ಎಂದು ಬರೆದೆ. ಬುಡ ಯಾವುದು, ತುದಿ ಯಾವುದು? ಎರಡೂ ಕಡೆ ಕೆಂಪು ದಾರ ಕಟ್ಟಿದೆ. ಒಂದು ಕಡೆಯಾದರೂ ಸರಿ ಇರುತ್ತದಲ್ಲ!

ಕೊನೆಯದು ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿ. ಊರಿಂದಾಚೆ ಕಾಡಿನಂಚಿನಲ್ಲಿ ದನ ಸಾಕುವ ಗೌಳಿ ಜನರ ಕೆಲವು ಮನೆಗಳಿವೆ. ಅಲ್ಲಿಯ ಧೋಂಡು ನನ್ನ ಹಳೆಯ ಪರಿಚಯ, ನನ್ನ ವಯಸ್ಸಿನವನೇ. ಅವನ ದನಗಳು ಹಗಲೆಲ್ಲ ಕಾಡಿನಲ್ಲೇ ಇರುತ್ತವೆ. ನೋಡಿದ ಕೂಡಲೇ ಅಂದುಕೊಂಡೆ, ಆಹಾ, ಇದು ಅಪ್ಪಟ ಮಲೆನಾಡಿನ ದನ! ಕಾಳಿ ಎಂಬ ಕರಿ ಆಕಳ ಬಾಲದಿಂದ ಧೋಂಡು ತಾನೇ ಚಕ್ಕನೆ ಕೂದಲು ಕತ್ತರಿಸಿ, ಬುಡಕ್ಕೆ ದಾರ ಕಟ್ಟಿ ಕೊಟ್ಟ. ಎಲ್ಲಿ ಮೇಯುತ್ತದೆ ಎಂದು ಕೇಳಿದೆ.

"ಮಳೆಗಾಲ, ಚಳಿಗಾಲ ಇದೇ ಕಾಡು ಸಾಹೇಬ್ರೆ. ಶಿವರಾತ್ರಿ ಕಳೆದ ಮೇಲೆ ಇಲ್ಲಿ ಮೇವಿಲ್ಲ. ಮುಂಡಗೋಡ ಬದಿಗೆ ಹೊಡ್ಕೊಂಡು ಹೋಗ್ತೇವೆ. ಅಲ್ಲಿ ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಬಿಡ್ತೇವೆ. ಹೊಲದವರಿಗೆ ಗೊಬ್ಬರ, ನಮ್ಮ ದನಕ್ಕೆ ಮೇವು. ಮೊದಲ ಮಳೆ ಬಿತ್ತು ಅಂದ್ರೆ ವಾಪಸ್."

ಅವನು ಹೇಳಿದ್ದನ್ನು ಬರೆದೆ. ಬರೆದು ಓದಿದೆ. ಓದಿ ಬೇಸರವಾಯಿತು. ಇಡೀ ಸೀಮೆಯಲ್ಲಿ ಒಂದು ಅಪ್ಪಟ ಕಾಡಿನ ದನ ಸಿಕ್ಕಿದೆ, ಅದಕ್ಕೂ ಮುಂಡಗೋಡದ ಮೆಕ್ಕೆಜೋಳದ ಮಸಿ ಬಳಿದು ಕಳಿಸುವುದೇ? ವಿಶ್ವವಿದ್ಯಾಲಯದವರು ನಮ್ಮ ಬಗ್ಗೆ ಏನೆಂದುಕೊಂಡಾರು? ಊರಿನ ಮರ್ಯಾದೆ ಪ್ರಶ್ನೆ! ಮುಂಡಗೋಡದ ಸಾಲಿನ ಮೇಲೆ ಪೆನ್ನು ಒತ್ತಿ ಒತ್ತಿ ಒಂದಕ್ಷರವೂ ಕಾಣದಂತೆ ಗೀಚಿ, ಕೆಳಗೆ ದಪ್ಪಗೆ ಬರೆದೆ: "ವರ್ಷವಿಡೀ ಶುದ್ಧ ಕಾಡಿನ ಮೇವು."

ಪೊಟ್ಟಣ ಆರಾದವು. ಉತ್ಸಾಹ ಉಕ್ಕಿ ಏಳನೆಯದನ್ನೂ ಸೇರಿಸಿದೆ. ನನ್ನದೇ ತಲೆಗೂದಲು! ಶುದ್ಧ ಮಲೆನಾಡಿನ ಮನುಷ್ಯನ ಮಾದರಿಯೂ ವಿಜ್ಞಾನಕ್ಕೆ ಒದಗಲಿ ಎಂದು. ಫಾರಂನಲ್ಲಿ "ಅನ್ನ, ತಂಬುಳಿ, ಮಜ್ಜಿಗೆ. ಸಕ್ಕರೆ ಕಾಯಿಲೆಯ ನಿಮಿತ್ತ ಸಿಹಿ ಬಿಟ್ಟು ನಾಲ್ಕು ವರ್ಷ" ಎಂದು ತುಂಬಿ ಸಹಿ ಹಾಕಿದೆ. ವಿನುತಾ ಬಂದು ಕೈಮುಗಿದು ಎಲ್ಲವನ್ನೂ ತೆಗೆದುಕೊಂಡು ಹೋದಳು. ಅಂದಿನಿಂದ ಶಿರಸಿಯ ಪೇಟೆಯಲ್ಲಿ ಎದುರಾದವರಿಗೆಲ್ಲ "ಈಗ ಪ್ರಾಚೀನ ಪಶುಪಾಲನೆಯ ಸಂಶೋಧನೆಯಲ್ಲಿದ್ದೇನೆ" ಎಂದು ಹೇಳತೊಡಗಿದೆ. ಕೆಲವರು ರಸ್ತೆಯ ಆಚೆ ಬದಿಯಿಂದ ಹೋಗಲು ಶುರು ಮಾಡಿದರು.

ಶಿವರಾತ್ರಿ ಕಳೆದು ಹತ್ತು ದಿನಕ್ಕೆ ವಿನುತಾ ಮತ್ತೆ ಬಂದಳು. ನಾನು ಹೊಸ ಅಂಗಿ ತೊಟ್ಟು, ಒಂದೆರಡು ಮಾತು ಹೇಳಬೇಕಾದರೆ ಇರಲಿ ಎಂದು ಗಂಟಲು ಸರಿ ಮಾಡಿಕೊಂಡು ಕೂತೆ. ಹುಡುಗಿ ಲ್ಯಾಪ್‌ಟಾಪ್ ತೆರೆದು, ಏಳು ಗೆರೆಗಳಿದ್ದ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕಣ್ಣು ಕೆಂಪಾಗಿದ್ದವು.

"ಸರ್, ಒಂದೂ ತಾಳೆ ಆಗವಲ್ದು."

"ಯಾವುದು?"

"ನೀವು ಬರದದ್ದಕ್ಕೂ ಯಂತ್ರ ಹೇಳಿದ್ದಕ್ಕೂ. ಸೊಪ್ಪು, ಹುಲ್ಲು ಅಂತ ಬರದೀರಿ. ಮೆಕ್ಕೆಜೋಳ ತಿಂದಂಗ ಬಂದೈತಿ. ಆರರಾಗ ಒಂದ ಒಂದು ಬರದಂಗ ಬಂದಿತ್ತು. ಈ ಸೋಂದಾದ ಗೌರಿ."

"ನೋಡಿದೆಯಾ!" ಎಂದು ತೊಡೆ ತಟ್ಟಿದೆ. "ಹೆಗಡೆಯವರು ನಿಷ್ಠಾವಂತರು."

"ಆ ಗೌರಿ ಪೊಟ್ಟಣದಾಗ ಉಳಿದದ್ದನ್ನ ಸೂಕ್ಷ್ಮದರ್ಶಕದಾಗ ಇಟ್ಟು ನೋಡಿದೆ ಸರ್. ಅದು ಕೂದಲಲ್ಲ, ತೆಂಗಿನ ನಾರು. ದನ ಕಟ್ಟೋ ಹಗ್ಗದ್ದು."

ನನ್ನ ಇಡೀ ಸಂಗ್ರಹದಲ್ಲಿ ಸತ್ಯ ನುಡಿದದ್ದು ಒಂದು ಹಗ್ಗ! ಸಾವಿತ್ರಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

"ಈ ಮಾದರಿ ನಂಬಾಕ ಆಗೂದಿಲ್ಲ ಅಂದಾರ ಗೈಡ್ ಸರ್," ವಿನುತಾ ಮೆಲ್ಲಗೆ ಹೇಳಿದಳು. "ಯುಗಾದಿಗೆ ಪ್ರಬಂಧ ಒಪ್ಪಿಸಬೇಕು. ಆ ಅಧ್ಯಾಯ ತೆಗಿ ಅಂತ ಹೇಳ್ಯಾರ. ನಿಮಗ ತೊಂದರಿ ಕೊಟ್ಟೆ, ಅದಕ್ಕ ಹೇಳಿ ಹೋಗೋಣಂತ ಬಂದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಆಗ ನಾನು ಮಾಡಬಾರದ್ದನ್ನು ಮಾಡಿದೆ. ತಪ್ಪನ್ನು ಯಂತ್ರದ ತಲೆಗೆ ಕಟ್ಟಿದೆ.

"ಯಂತ್ರವೇ ಕೆಟ್ಟಿರಬೇಕು!"

"ಅದು ಸರಿ ಐತೋ ಇಲ್ಲೋ ನೋಡೋಣಂತ ನಿಮ್ಮ ಕೂದಲಾನೂ ಹಾಕಿದ್ವಿ ಸರ್," ಎಂದು ಏಳನೆಯ ಗೆರೆ ತೋರಿಸಿದಳು. ಗೆರೆ ಎಲ್ಲಿರಬೇಕಿತ್ತೋ ಅದಕ್ಕಿಂತ ಮೇಲಿತ್ತು. "ಬರೇ ಅನ್ನ ಉಂಡವರದು ಇಷ್ಟು ಮ್ಯಾಲೆ ಬರೂದಿಲ್ರಿ. ಜ್ವಾಳದ ರೊಟ್ಟಿ ತಿಂದಿರಬೇಕು, ಇಲ್ಲಾ ಬೆಲ್ಲ ಸಕ್ಕರಿ ಭಾಳ ತಿಂದಿರಬೇಕು. ಅದೂ ಕಬ್ಬಿಂದ ಅಲ್ಲೇನ್ರಿ?"

ಅಡುಗೆಮನೆಯಲ್ಲಿ ಸದ್ದು ನಿಂತಿತು. ಸಾವಿತ್ರಿ ಸೌಟು ಹಿಡಿದೇ ಹೊರಗೆ ಬಂದಳು.

"ರೊಟ್ಟಿ! ರೊಟ್ಟಿ ತಿಂದಿದ್ದೆ!" ಎಂದೆ.

"ನಮ್ಮನೇಲಿ ಜೋಳದ ರೊಟ್ಟಿ ತಟ್ಟಿದ್ದು ಯಾವಾಗ? ಆನು ತಟ್ಟಿದ್ದಿಲ್ಲೆ. ನಿಂಗ ತಟ್ಟಿದ್ರ?"

ನಾನು ಉತ್ತರಿಸುವ ಮೊದಲೇ ಅವಳು ಸೀದಾ ನನ್ನ ಹಳೆಯ ಔಷಧಿ ಚೀಲದ ಬಳಿ ಹೋದಳು. ಫಿನೈಲ್ ವಾಸನೆಗೆ ವರ್ಷಾನುಗಟ್ಟಲೆ ಯಾರೂ ಮುಟ್ಟದ ಚೀಲ, ಮನೆಯಲ್ಲಿ ಅವಳು ಕೈಹಾಕದ ಜಾಗ ಅದೊಂದೇ. ಖಾಲಿ ಬಾಟಲಿಗಳ ಹಿಂದೆ ಕೈಹಾಕಿ ಒಂದು ಡಬ್ಬಿ ಹೊರಗೆಳೆದಳು. ಸಿದ್ದಾಪುರದ ಆಲೆಮನೆಯ ಜೋನಿ ಬೆಲ್ಲ, ಜೇನಿನಂತೆ ಹರಿಯುವಂಥದ್ದು. ಡಬ್ಬಿಯಲ್ಲಿ ಚಮಚವೂ ಇತ್ತು.

"ಯಂತ್ರಕ್ಕೆ ಗೊತ್ತಾತು," ಎಂದಳು. "ಇಷ್ಟು ವರ್ಷ ಸಂಸಾರ ಮಾಡಿದ ಎಂಗೆ ಗೊತ್ತಾಜಿಲ್ಲೆ! ಆನು ದಿನಾ ಹಾಗಲಕಾಯಿ ರಸ ಮಾಡಿ ಕೊಡ್ತೆ. ನಿಂಗ ಅದ್ರ ಮೇಲೆ ಇದನ್ನ ನೆಕ್ತ್ರ?"

ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು ಅವಳ ದನಿಯಲ್ಲಿ. ಎದುರಿಗೆ ಹುಡುಗಿ, ಪಕ್ಕದಲ್ಲಿ ಹೆಂಡತಿ, ಮಧ್ಯೆ ಡಬ್ಬಿ. ನನಗೆ ನಿಜವಾಗಿ ನಾಚಿಕೆಯಾಯಿತು. ಯಂತ್ರ ಸರಿಯಾಗಿಯೇ ಇತ್ತು. ಸುಳ್ಳು ಹೇಳಿದ್ದು ಪಾರ್ವತಕ್ಕ, ಅದಕ್ಕೆ ಸಹಿ ಹಾಕಿದ್ದು ನಾನು.

ತಪ್ಪೊಪ್ಪಿಗೆ ಶುರುವಾದರೆ ಅದಕ್ಕೂ ಒಂದು ಓಟ ಬಂದುಬಿಡುತ್ತದೆ. ಪಾರ್ವತಕ್ಕನ ಚೀಲ ಹೇಳಿದೆ. ಮೂರು ಮನೆಗಳ ತಿಂಡಿ ಹೇಳಿದೆ. ಹೆಗಡೆಯವರ ಕಂಬ, ಎರಡು ಕಡೆಯ ದಾರ, ಎಲ್ಲ ಹೇಳಿದೆ. ವಿನುತಾ ಹಣೆಗೆ ಕೈಹಚ್ಚಿ ಕೇಳುತ್ತಿದ್ದಳು. ಕೊನೆಗೆ, "ಇನ್ನೊಂದಿದೆ ತಂಗಿ. ವಜ್ರಳ್ಳಿಯ ಧೋಂಡು ಸರಿಯಾಗಿಯೇ ಹೇಳಿದ್ದ. ಬೇಸಿಗೆಗೆ ದನವನ್ನು ಮುಂಡಗೋಡದ ಮೆಕ್ಕೆಜೋಳದ ಹೊಲಕ್ಕೆ ಹೊಡೆದುಕೊಂಡು ಹೋಗಿ ಮಳೆಗೆ ವಾಪಸ್ ಬರುತ್ತೇವೆ ಅಂತ. ಶುದ್ಧ ಕಾಡಿನ ದನ ಆಗಲಿ ಅಂತ ನಾನೇ ಆ ಸಾಲು ಹೊಡೆದು ಹಾಕಿದೆ" ಎಂದೆ.

ವಿನುತಾ ತಟ್ಟನೆ ತಲೆಯೆತ್ತಿದಳು. "ಏನಂದ್ರಿ? ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ.

"ಅಯ್ಯ ಸರ್! ನಾ ಇದನ್ನ ಹುಡುಕಾಕತ್ತಿದ್ದು!" ಹುಡುಗಿ ಎದ್ದೇ ನಿಂತಳು. ಕಾಳಿಯ ಕೂದಲಿನ ಗೆರೆಯನ್ನು ಪರದೆಯ ಮೇಲೆ ತಂದಳು. ಕೆಳಗಿದ್ದದ್ದು ಮಧ್ಯದಲ್ಲಿ ಏರಿ ಮತ್ತೆ ಇಳಿದಿತ್ತು. "ಬರೇ ಕಾಡು ಅಂತ ಬರದೀರಿ, ಅಲಿ ಬಂದೈತಿ. ಬ್ಯಾರೆ ದನದ ಕೂದಲು ಬೆರತೈತಿ ಅಂತ ಪಕ್ಕಕ್ಕ ಇಟ್ಟಿದ್ದೆ. ಆ ಗೀಚಿದ್ದು ಶಾಯಿ ಚೆಲ್ಲಿದ್ದು ಅಂದುಕೊಂಡಿದ್ದೆ!"

ನಾನು ಕಳಿಸಿದ ಏಳು ಫಾರಂಗಳಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ ಸಾಲು. ಮೂವತ್ತು ವರ್ಷದ ಅನುಭವದಿಂದ, ಸರಿಯಾಗಿ ಆ ಒಂದೇ ಸಾಲನ್ನು ಹುಡುಕಿ ಅಳಿಸಿದ್ದೆ!

"ಹಾಗಾದರೆ ಈಗಲೇ ಬರೆದುಕೊಡುತ್ತೇನೆ" ಎಂದು ಪೆನ್ನು ತೆಗೆದೆ. ವಿನುತಾ ತಲೆ ಅಲ್ಲಾಡಿಸಿದಳು. ನನ್ನ ಮಾತಿಗೆ ಈಗ ಕವಡೆ ಕಿಮ್ಮತ್ತಿಲ್ಲ. ಧೋಂಡುವಿನ ಬಾಯಿಂದಲೇ ಕೇಳಬೇಕು, ಅದೂ ಗೆರೆ ತೋರಿಸದೆ ಕೇಳಬೇಕು. ಇಲ್ಲದಿದ್ದರೆ ಗೈಡ್ ಒಪ್ಪುವುದಿಲ್ಲ.

ಮರುದಿನ ಬೆಳಿಗ್ಗೆ ಬಾಡಿಗೆ ಜೀಪಿನಲ್ಲಿ ಹೊರಟೆವು. ಸಾವಿತ್ರಿಯೂ ಬಂದಳು. "ನಿಂಗಳ ಒಬ್ರೇ ಕಳಿಸಿದ್ರೆ ದಾರಿಲಿ ಮತ್ತೆಂತಾರೂ ಅಳಿಸ್ತ್ರಿ" ಎಂಬುದು ಅವಳ ಕಾರಣ. ವಜ್ರಳ್ಳಿ ತಲುಪಿ ನೋಡಿದರೆ ಧೋಂಡುವಿನ ದೊಡ್ಡಿ ಖಾಲಿ! ಒಂದು ದನವಿಲ್ಲ. ಅವನ ಸೊಸೆ ಒಲೆಗೆ ಕಟ್ಟಿಗೆ ಒಡೆಯುತ್ತಿದ್ದವಳು, "ಶಿವರಾತ್ರಿ ಆಯ್ತಲ್ಲ, ಮುಂಡಗೋಡ ಬದಿಗೆ ಹೋಗ್ಯಾರೆ" ಎಂದಳು.

ವರ್ಷವಿಡೀ ಕಾಡು ಬಿಟ್ಟು ಕದಲದ ದನಗಳು ಎಂದು ನಾನು ದಪ್ಪಗೆ ಬರೆದಿದ್ದೆನಲ್ಲ! ಸಾವಿತ್ರಿ ಖಾಲಿ ದೊಡ್ಡಿಯನ್ನೂ ನನ್ನನ್ನೂ ಸರದಿಯಂತೆ ನೋಡಿದಳು. ವಿನುತಾ ಮಾತ್ರ ಆ ಖಾಲಿ ದೊಡ್ಡಿಯ ಫೋಟೋ ಹೊಡೆದುಕೊಂಡಳು. ಈ ಸಲ ಬಂದ ಮೇಲೆ ಮೊದಲ ಬಾರಿಗೆ ಅವಳ ಮುಖದಲ್ಲಿ ನಗು ಕಂಡಿತು.

ಮುಂಡಗೋಡದ ಆಚೆ, ಮೆಕ್ಕೆಜೋಳ ಕೊ‌ಯ್ದ ಹೊಲವೊಂದರಲ್ಲಿ ಧೋಂಡು ಸಿಕ್ಕಿದ. ಜಾಲಿ ಮರದ ಕೆಳಗೆ ಕಂಬಳಿ ಹಾಸಿ ಕೂತಿದ್ದ. ಸುತ್ತ ದನಗಳು ಒಣ ದಂಟು ಕರಕರ ಜಗಿಯುತ್ತಿದ್ದವು. ಹೋದ ವರ್ಷ ಕಾಳಿ ಎಲ್ಲೆಲ್ಲಿ ಮೇಯಿತು ಎಂದು ವಿನುತಾ ಕೇಳಿದಳು. ನಾನು ಬಾಯಿ ತೆರೆದೆ. ಸಾವಿತ್ರಿ ನನ್ನ ಕೈ ಚಿವುಟಿದಳು.

ಧೋಂಡು ಕಣ್ಣು ಮುಚ್ಚಿ ಹೇಳುತ್ತ ಹೋದ. ಶಿವರಾತ್ರಿ ಮುಗಿಸಿ ಎಂಟು ದಿನಕ್ಕೆ ಹೊರಟದ್ದು. ಹೋಳಿ ಹುಣ್ಣಿಮೆಗೆ ಈ ಹೊಲ. ಯುಗಾದಿಗೆ ಕೆರೆಯ ಆಚೆ ಬದಿಯ ಹೊಲ. "ಯುಗಾದಿ ಮುಗಿದ ಮೇಲೆ ಕಾಳಿಗೆ ಕಾಲು ಬಾತು ಬಂತು. ಹದಿನೈದು ದಿನ ಹೊಲಕ್ಕೆ ಬಿಡಲಿಲ್ಲ. ನೆರಳಲ್ಲಿ ಕಟ್ಟಿ ಸೊಪ್ಪು ತಂದು ಹಾಕಿದೆ. ಆಮೇಲೆ ಮತ್ತೆ ಹೊಲ. ಮೊದಲ ಮಳೆಗೆ ವಜ್ರಳ್ಳಿ."

ವಿನುತಾ ಚೀಲದಿಂದ ಕಾಳಿಯ ಗೆರೆಯಿದ್ದ ಕಾಗದ ತೆಗೆದು ಬಿಚ್ಚಿದಳು. ಏರಿದ ಅಲೆಯ ಮಧ್ಯೆ ಒಂದು ಕಡೆ ಸಣ್ಣ ತಗ್ಗು ಇತ್ತು. ಅದರ ಮೇಲೆ ಬೆರಳಿಟ್ಟಳು.

"ಇದು ಯಂತ್ರದ ತಪ್ಪು ಅಂದುಕೊಂಡಿದ್ದೆ ಸರ್. ಇದು ಕಾಲುನೋವು."

ಒಂದು ಆಕಳ ಹದಿನೈದು ದಿನದ ಕಾಲುನೋವು ಅದರ ಬಾಲದ ಕೂದಲಿನಲ್ಲಿ ಕೂತಿತ್ತು. ಅದು ಒಬ್ಬ ಮನುಷ್ಯನಿಗೆ ನೆನಪೂ ಇತ್ತು! ವಿನುತಾ ಕಣ್ಣೊರೆಸಿಕೊಂಡಳು. "ನಮ್ಮಜ್ಜಾನೂ ಹಿಂಗ ಹಬ್ಬದ ಲೆಕ್ಕದಾಗ ಹೇಳತಿದ್ರು" ಎಂದಳು. ಆಮೇಲೆ ಧೋಂಡುವಿಗೆ ಆ ಹಳೆಯ ಹಲ್ಲಿನ ಕಥೆ ಹೇಳಿ, ಅದರಲ್ಲೂ ಹೀಗೇ ಅಲೆ ಇದೆ, ಆಗಿನವರೂ ಹೀಗೇ ಹೋಗಿ ಬರುತ್ತಿದ್ದಿರಬೇಕು ಎಂದಳು.

ಧೋಂಡುವಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. "ಆಗಿನ ದನಕ್ಕೂ ಹೊಟ್ಟೆ ಇತ್ತಲ್ಲ ತಂಗಿ? ಮೇವಿದ್ದಲ್ಲಿಗೆ ಹೋಗಿರ್ತದೆ. ಇದಕ್ಕೆ ಯಂತ್ರ ಬೇಕಾ?" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಾನು ಅವತ್ತೇ ಹೇಳಿದ್ದೆನಲ್ಲ ಸಾಹೇಬ್ರೆ, ನೀವು ಬರ್ಕೊಂಡಿರಲ್ಲ?" ಎಂದು ಕೇಳಿದ. ನಾನು ದನಗಳ ಆರೋಗ್ಯ ವಿಚಾರಿಸಿದೆ.

ವಿನುತಾ ಅಲ್ಲಿಂದಲೇ ಗೈಡಿಗೆ ಫೋನ್ ಮಾಡಿದಳು. ಹೊಲದ ಬದುವಿನ ಮೇಲೆ ಅತ್ತಿತ್ತ ನಡೆಯುತ್ತ ಅರ್ಧ ಗಂಟೆ ಮಾತಾಡಿದಳು. ನಾವು ಮೂವರೂ ಅವಳ ಮುಖವನ್ನೇ ನೋಡುತ್ತ ನಿಂತಿದ್ದೆವು. ವಾಪಸ್ ಬಂದಾಗ ಅವಳ ಹೆಜ್ಜೆಯಲ್ಲೇ ಗೊತ್ತಾಯಿತು. ಅಧ್ಯಾಯ ಉಳಿಯಿತು! ಆದರೆ ಒಂದು ಆಕಳಿನಿಂದ ಆಗದು, ಇದೇ ಹಿಂಡಿನ ಇನ್ನಷ್ಟು ದನಗಳ ಕೂದಲು ಬೇಕು. ಯಂತ್ರದ ಪಾಳಿ ಬೇಗ ಕೊಡಿಸುತ್ತೇನೆ ಎಂದಿದ್ದಾರಂತೆ.

"ಎಲ್ಲ ದನದ್ದೂ ತಗೊಳ್ಳಿ. ನನ್ನ ಹತ್ರ ಒಂದೊಂದರ ಕಥೆ ಅದೆ," ಎಂದ ಧೋಂಡು.

ಸಾವಿತ್ರಿ ಆ ಹುಡುಗಿಯ ತಲೆ ಸವರಿ, "ಚೊಲೊ ಮಾಡಿ ಬರಿ ತಂಗಿ, ನಿನ್ನಜ್ಜನ ಹೆಸ್ರೂ ಬರಿ" ಎಂದಳು. ಅವಳ ಕಣ್ಣಲ್ಲೂ ನೀರಿತ್ತು.

ಇನ್ನು ತಡಮಾಡುವುದು ಬೇಡ ಎಂದು ಹೊಸ ಫಾರಂ ಕೈಗೆತ್ತಿಕೊಂಡು, ಪೆನ್ನಿನ ಮುಚ್ಚಳ ತೆಗೆದು, "ಹೇಳು ಧೋಂಡು, ಮೊದಲನೆಯದು ಯಾವುದು?" ಎಂದೆ.

ವಿನುತಾ ಬಂದು ಬಹಳ ಗೌರವದಿಂದ, ಎರಡೂ ಕೈಯಿಂದ, ನನ್ನ ಕೈಯಲ್ಲಿದ್ದ ಪೆನ್ನನ್ನು ತೆಗೆದುಕೊಂಡಳು.

"ಬರಿಯೋದು ನಾ ಬರಕೋತೀನಿ ಸರ್. ನೀವು ಬಾಲ ಹಿಡಕೊಳ್ರಿ, ಸಾಕು."

ಹಿಡಿದುಕೊಂಡೆ. ಧೋಂಡು ಕತ್ತರಿಸಿದ, ಸಾವಿತ್ರಿ ಕೆಂಪು ದಾರ ಕಟ್ಟಿದಳು, ವಿನುತಾ ಬರೆದುಕೊಂಡಳು. ಸಂಜೆಯೊಳಗೆ ಹನ್ನೊಂದು ಆಕಳ ಬಾಲ ಹಿಡಿದೆ. ಅಷ್ಟರಲ್ಲಿ ಒಂದೇ ಒಂದು ತಪ್ಪಾಗಲಿಲ್ಲ. ಇಡೀ ದಿನ ನನ್ನನ್ನು ಯಾರೂ ಏನೂ ಕೇಳಲಿಲ್ಲವಲ್ಲ!